ಗೇಟಿನ ಪಕ್ಕ ನಿಂತವರು

ಬ್ರೂಮ್‌ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರು ಐಸಿಯುನಲ್ಲಿ ಕೆಲಸ ಮಾಡುತ್ತಿದ್ದರು. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಶನಿವಾರ ಬಿಡುವು ಸಿಕ್ಕಿತೆಂದರೆ ಐದು ಗಂಟೆ ಕಾರು ಓಡಿಸಿಕೊಂಡು ಸ್ಕಾಟ್ಲೆಂಡಿಗೆ ಹೋಗಿ, ಇನ್ನೂರು ಜನವೂ ಸೇರದ ಯಾವುದೋ ಪುಟ್ಟ ಊರಿನ ಫುಟ್‌ಬಾಲ್ ನೋಡಿ ಬರುತ್ತಿದ್ದರು. ಯಾರು ಗೋಲು ಹೊಡೆದರೂ, ಯಾರು ಸೋತರೂ, ಜೇಬಿನಿಂದ ಕೈ ತೆಗೆಯದೆ "ಆಯ್ತು ಬಿಡಿ" ಎನ್ನುತ್ತಿದ್ದರು.

ಒಂದು ಜನವರಿಯಲ್ಲಿ ನಾನೂ ಜೊತೆಗೆ ಹೋದೆ. ಗಡಿ ದಾಟುವ ಮುಂಚೆಯೇ ನನ್ನ ಫೋನಿಗೆ ಸುದ್ದಿ ಬಂತು: ಮೈದಾನ ಹೆಪ್ಪುಗಟ್ಟಿದೆ, ಆಟ ರದ್ದು.

"ಡಾಕ್ಟ್ರೇ, ವಾಪಸ್ ಹೋಗೋಣ," ಎಂದೆ. ನನಗಾಗಲೇ ಸೊಂಟ ಹಿಡಿದುಕೊಂಡಿತ್ತು.

"ಪೆಟ್ರೋಲ್ ಹಾಕಿಸುವಾಗ್ಲೇ ನೋಡಿದೆ," ಎಂದವರು ಕಾರು ತಿರುಗಿಸಲಿಲ್ಲ.

ಮೈದಾನದ ಗೇಟಿನಲ್ಲಿ ಒಬ್ಬ ಮುದುಕ ನಿಂತು, ಬಂದವರಿಗೆಲ್ಲ ಆಟವಿಲ್ಲವೆಂದು ಹೇಳಿ ಕಳಿಸುತ್ತಿದ್ದ. ಕೆಲವರು ಅವನ ಮೇಲೆಯೇ ರೇಗುತ್ತಿದ್ದರು. ಡಾಕ್ಟರು ಅವನಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ಆಟ ಶುರುವಾಗಬೇಕಿದ್ದ ಮೂರು ಗಂಟೆಯವರೆಗೂ ಪಕ್ಕದಲ್ಲೇ ನಿಂತರು.

ಹಿಂದಿರುಗುವಾಗ ನಾನು ಸಿಡುಕಿದೆ: "ಇದಕ್ಕೋಸ್ಕರ ಇಷ್ಟು ದೂರ ಬರಬೇಕಿತ್ತಾ?"

"ವಾರವೆಲ್ಲ ಐಸಿಯು ಬಾಗಿಲಲ್ಲಿ ನಾನು ಒಬ್ಬನೇ ನಿಂತು ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳ್ತೀನಲ್ಲ ಕಣ್ರೀ. ಅವನ ಪಕ್ಕದಲ್ಲಾದ್ರೂ ಒಬ್ರು ಇರ್ಲಿ ಅಂತ."

ಅವತ್ತು "ಆಯ್ತು ಬಿಡಿ" ಎಂದವನು ನಾನು.