ಮಣ್ಣು ಕೊಡವುವ ಮೊದಲೇ

ಕೂಡ್ಲಿಗಿಯ ಗಾದೆಪ್ಪನ ಬಲತೋಳು ಹೆಗಲಿನಿಂದ ಮೇಲೇಳುತ್ತಿರಲಿಲ್ಲ. ಯಾಕೆಂದು ಕೇಳಿದರೆ "ಹುಟ್ಟಿದಾಗಿಂದ ಹಂಗ ಐತಿ" ಎಂದು ಬೀಡಿ ಹಚ್ಚುತ್ತಿದ್ದ. ಸುಳ್ಳು! ಬೆಂಗಳೂರಿನ ಕುದುರೆ ಲಾಯವೊಂದರಲ್ಲಿ ಹನ್ನೆರಡು ವರ್ಷ ದುಡಿದು, 1994ರಲ್ಲಿ ಚಂದ್ರಿ ಎಂಬ ಬಿಳಿ ಹೆಣ್ಣುಕುದುರೆಯೊಡನೆ ಊರಿಗೆ ಮರಳಿದವನು ಅವನು. ಮದುವೆ ಕಾಲದಲ್ಲಿ ಚಂದ್ರಿಯ ಬೆನ್ನ ಮೇಲೆ ಮದುಮಗನ ಮೆರವಣಿಗೆ. ಆಷಾಢದಲ್ಲಿ ಮದುವೆಗಳಿಲ್ಲವಲ್ಲ, ಆಗ ಬೆಳಗಿನ ಹೊತ್ತು ಕೆರೆಯಂಗಳದಲ್ಲಿ ಮಕ್ಕಳಿಗೆ ಸವಾರಿ ಕಲಿಸುತ್ತಿದ್ದ.

ಕಲಿಸುವುದರಲ್ಲಿ ಒಳ್ಳೆಯವನೇ. ಮೊದಲ ವಾರ ಯಾರನ್ನೂ ಹತ್ತಿಸುತ್ತಿರಲಿಲ್ಲ. ಕುದುರೆಯ ಮೈ ತಿಕ್ಕಬೇಕು, ಹುರುಳಿ ತಿನ್ನಿಸಬೇಕು. ಚಾಟಿ ಮುಟ್ಟಿದವರು ನೇರ ಮನೆಗೆ. ಆದರೆ ಲಾಯದಲ್ಲಿ ಕಲಿತ ಒಂದು ಮಾತನ್ನು ವೇದವಾಕ್ಯ ಮಾಡಿಕೊಂಡಿದ್ದ: ಬಿದ್ದವರು ಮಣ್ಣು ಕೊಡವುವ ಮೊದಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಅಂಜಿಕೆ ಒಳಗೆ ಮನೆ ಮಾಡುತ್ತದೆ.

ಒಂದು ಆಷಾಢ ಸೈಕಲ್ ಅಂಗಡಿ ಅಮರೇಶನ ಮಗಳು, ಹತ್ತು ವರ್ಷದ ಅರ್ಚನಾ ಬಿದ್ದಳು. ಗಾದೆಪ್ಪ ತಕ್ಷಣ ಮತ್ತೆ ಕುದುರೆ ಹತ್ತಿಸಿದ. ತುಟಿ ಕಚ್ಚಿಕೊಂಡು ಎರಡು ಸುತ್ತು ಹೊಡೆದಳು. "ಭಲೇ!" ಎಂದು ಅವನೇ ಚಪ್ಪಾಳೆ ತಟ್ಟಿದ. ಇಳಿಸುವಾಗ ನೋಡಿದರೆ ಎಡಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ಗಾದೆಪ್ಪ ಆ ಕೈಯನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಹಿಡಿದ.

"ನೋವಾಗ್ಲಿಲ್ಲೇನವ್ವಾ?"

"ಆತ್ರಿ ಮಾಮಾ. ಹೇಳಿದ್ರ ನಾಳಿಂದ ಬರಬ್ಯಾಡ ಅಂತೀರಿ ಅಂತ ಸುಮ್ನಿದ್ದೆ."

ಮೂಳೆ ಮುರಿದಿತ್ತು. ಆಸ್ಪತ್ರೆಗೆ ಓಡಿಬಂದ ಅಮರೇಶನ ಮುಂದೆ ಗಾದೆಪ್ಪ ತಲೆತಗ್ಗಿಸಿ ನಿಂತ.

"ತಪ್ಪು ನಂದ್ರಿ. ಮುರಿದ ಕೈಲೇ ಕುದುರಿ ಹತ್ತಿಸೀನಿ."

"ಅತ್ತಿಲ್ಲಲ್ಲ ನನ್ನ ಮಗಳು!" ಅಮರೇಶನ ಮುಖ ಅರಳಿತ್ತು. "ಮಕ್ಳು ಹಿಂಗ ಗಟ್ಟಿ ಆಗ್ಬೇಕು. ಛಲೋ ಮಾಡೀ ಬಿಡಪ್ಪ."

ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಆ ಹೊಗಳಿಕೆ ಕಪಾಳಕ್ಕೆ ಬಿಗಿದಂತಾಯಿತು. ಮೂಳೆ ಮುರಿದದ್ದಕ್ಕೆ ಶಹಬ್ಬಾಸ್‌ಗಿರಿಯೇ?

ವಾರ ಕಳೆದು, ಪಟ್ಟಿ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಅರ್ಚನಾ ಕೆರೆಯಂಗಳಕ್ಕೆ ಬಂದಳು, ಬರೀ ನೋಡಲು. ಅವಳೆದುರೇ ಪುಟ್ಟ ಸುಕನ್ಯಾ ಕುದುರೆಯಿಂದ ಜಾರಿಬಿದ್ದಳು. ಗಾದೆಪ್ಪ ಬಾಯಿ ತೆರೆಯುವ ಮೊದಲೇ ಅರ್ಚನಾ ಗದರಿದಳು:

"ಅಳಬ್ಯಾಡಲೇ! ಮಣ್ಣು ಕೊಡವಬ್ಯಾಡ, ಹತ್ತು!"

ಅವನದೇ ಮಾತು, ಅವನದೇ ಗದರಿಕೆ, ಆ ಎಳೆಯ ಬಾಯಲ್ಲಿ. ಲಾಯದ ಯಜಮಾನನೂ ಹೀಗೇ ಗದರುತ್ತಿದ್ದ. ಗಾದೆಪ್ಪ ಚಂದ್ರಿಯನ್ನು ಜಾಲಿಗಿಡಕ್ಕೆ ಕಟ್ಟಿ, ಸುಕನ್ಯಾಳ ಪಕ್ಕ ಮಣ್ಣಿನಲ್ಲೇ ಕುಳಿತ.

"ಇವತ್ತು ಹತ್ತಾದು ಬ್ಯಾಡ. ಎಲ್ಲಿ ನೋಯ್ತೈತಿ ಹೇಳವ್ವಾ."

ಹುಡುಗಿ ಅರ್ಚನಾಳ ಮುಖ ನೋಡಿ ಕೈಯಿಂದ ಮೊಣಕಾಲು ಮುಚ್ಚಿಕೊಂಡಳು. ಆಗ ಗಾದೆಪ್ಪ ತನ್ನ ಬಲಹೆಗಲು ಮುಟ್ಟಿಕೊಂಡ.

"ನಾನೂ ಬಿದ್ದಿದ್ದೆ. ಇದು ಮುರಿದಿತ್ತು. ಮಣ್ಣು ಕೊಡವದಂಗ ಹತ್ತಿದೆ, ಯಾರಿಗೂ ಹೇಳ್ಲಿಲ್ಲ. ಇವತ್ತಿಗೂ ನೋಯ್ತೈತಿ."

ಕಟ್ಟಿಕೊಂಡ ಹೆಂಡತಿ ಕೆಂಚಕ್ಕನಿಗೂ ಹೇಳಿರದ ಮಾತದು. ಸುಕನ್ಯಾ ಮೆಲ್ಲಗೆ ಮೊಣಕಾಲು ತೋರಿಸಿದಳು.

ಅವಳ ಹಿಂದೆ ನಿಂತಿದ್ದ ಅರ್ಚನಾ ಪಟ್ಟಿ ಹಾಕಿದ ಕೈಯನ್ನು ಎದೆಗೊತ್ತಿಕೊಂಡು, "ಭಾಳ ನೋವಾಗಿತ್ರಿ ಮಾಮಾ" ಎನ್ನುತ್ತ, ಬಿದ್ದು ಎಂಟನೆಯ ದಿನ ಮೊದಲ ಸಲ ಅತ್ತಳು.