ಸಂತೆಯಲ್ಲಿ ಆಡಿದ ಒಂದು ಸುಳ್ಳು

ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ನನ್ನ ಹೊಲ ಎಷ್ಟು ಕಿರಿದಾಯಿತೆಂದರೆ, ಎತ್ತು ತಿರುಗಿಸಬೇಕಾದರೆ ಪಕ್ಕದ ಅಣ್ಣನ ಹೊಲಕ್ಕೆ ಕಾಲಿಡಬೇಕಿತ್ತು. ಬೇಸಾಯ ಬಿಟ್ಟು ದನದ ದಲ್ಲಾಳಿಯಾದೆ. ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ, ಎಲ್ಲಿ ಸಂತೆಯೋ ಅಲ್ಲಿ ನಾನು. ಟವೆಲ್ಲಿನಡಿ ಬೆರಳು ಒತ್ತಿ ಗುಟ್ಟಾಗಿ ಬೆಲೆ ಹೇಳಿ ವ್ಯಾಪಾರ ಕುದುರಿಸುವುದರಲ್ಲಿ ನನ್ನನ್ನು ಮೀರಿಸಿದವರು ಕಡಿಮೆ.

ತುರ್ತು ಪರಿಸ್ಥಿತಿಯ ಕಾಲ. ಗಂಡಸರನ್ನು ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಕರೆತರಲೇಬೇಕೆಂದು ಮೇಲಿನಿಂದ ಒತ್ತಡವಿದ್ದ ಗ್ರಾಮಸೇವಕರು ನನ್ನನ್ನು ಹುಡುಕಿಕೊಂಡು ಬಂದರು.

"ನಿನ್ನ ಮಾತಿಗೆ ಮುದಿ ಎತ್ತೂ ಮಾರಾಟ ಆಗ್ತೈತೆ. ಜನಕ್ಕೆ ಒಂದು ಮಾತು ಹೇಳಪ್ಪಾ."

ನನಗೂ ಅದರಲ್ಲಿ ನಂಬಿಕೆಯಿತ್ತು. ಮಕ್ಕಳು ಹುಟ್ಟುತ್ತಾರೆ, ನೆಲ ಹುಟ್ಟುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಒಂದು ಸಂತೆಯ ದಿನ ಚಹಾದಂಗಡಿಯ ಮುಂದೆ ನಮ್ಮೂರ ಗಂಡಸರಿಗೆ ಇದನ್ನೇ ಹೇಳುತ್ತಿದ್ದಾಗ, ಆರು ಮಕ್ಕಳ ತಂದೆಯೊಬ್ಬ ಕೇಳಿದ:

"ಎಲ್ಲಾ ಸರಿ. ನೀನು ಮಾಡಿಸ್ಕಂಡೀಯಾ?"

ಮಾಡಿಸಿಕೊಂಡಿರಲಿಲ್ಲ. ಭಯವಿತ್ತು. ಆದರೆ ವ್ಯಾಪಾರ ಕುದುರುವ ಹೊತ್ತಿಗೆ ದಲ್ಲಾಳಿ ತಡವರಿಸಬಾರದು.

"ಹೋದ ತಿಂಗಳೇ ಆತು. ನೋಡು, ಹೋರಿ ಹಿಡ್ಕಂಡು ನಿಂತೀನಿ. ಏನಾಗೈತೆ ನನಗೆ?"

ಮರುದಿನ ಅವನೂ, ಅವನ ಹಿಂದೆ ಇನ್ನು ಕೆಲವರೂ ಹೋಗಿ ಮಾಡಿಸಿಕೊಂಡು ಬಂದರು.

ಮರುವರ್ಷ ನನ್ನ ಹೆಂಡತಿ ನಾಲ್ಕನೇ ಸಲ ಬಸುರಿಯಾದಳು.

ನಾನು ಸಂತೆಯಲ್ಲಿ ಹೇಳಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಬಾವಿಯ ಹತ್ತಿರ. ಆ ಆರು ಮಕ್ಕಳ ತಾಯಿಯೇ ಎಲ್ಲರ ಮುಂದೆ, "ನಿನ್ನ ಗಂಡಂದು ಹೋದ ವರ್ಷನೇ ಆಪ್ರೇಷನ್ ಆತಲ್ಲ ತಾಯಿ, ಇದೆಲ್ಲಿಂದ ತಂದಿ?" ಎಂದು ಕೇಳಿದ್ದಳು. ಇವಳು ಅರ್ಧ ಕೊಡ ನೀರಿನೊಂದಿಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ಅವತ್ತೇ ಆ ಮನೆಗೆ ಹೋದೆ. ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದರು. "ನಾನು ಸುಳ್ಳು ಹೇಳಿದ್ದೆ. ನನಗೆ ಆಪ್ರೇಷನ್ ಆಗಿಲ್ಲ" ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಯಾರೂ ಬೈಯಲಿಲ್ಲ. ನನ್ನ ಮಾತು ನಂಬಿ ಹೋಗಿ ಬಂದ ಆ ಮನುಷ್ಯ ನನ್ನ ಹೆಗಲ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡಪ್ಪಾ. ಹೆಂಡ್ತಿ ಮಾನ ಉಳಿಸಾಕೆ ಯಾರಾದ್ರೂ ಹಿಂಗೇ ಹೇಳ್ತಾರೆ."

ಆಮೇಲೆ ಚನ್ನಗಿರಿಗೆ ಹೋಗಿ ನಿಜವಾಗಿಯೂ ಮಾಡಿಸಿಕೊಂಡೆ. ತಾರೀಖು ಬರೆದ ಚೀಟಿಯನ್ನು ಮನೆಮನೆಗೆ ಒಯ್ದು ತೋರಿಸಿದೆ. "ಎಲ್ಡನೇ ಸಲವಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ಸುಳ್ಳನ್ನು ಒಂದು ಲೋಟ ಚಹಾ ಆರುವುದರೊಳಗೆ ನಂಬಿಸಿದ ನಾನು, ನಿಜವನ್ನು ನಂಬಿಸಲಾರದೆ ತಿಂಗಳುಗಟ್ಟಲೆ ಅಲೆದೆ. ಊರಿಗೆ ಬುದ್ಧಿ ಹೇಳುವವರಿಗೆ ನನ್ನದೊಂದೇ ಮಾತು: ಹೇಳುವುದು ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ನಿಮ್ಮ ಮನೆಯವರನ್ನು ಹೊಣೆ ನಿಲ್ಲಿಸಬೇಡಿ.

ಹೆಂಡತಿ ಏಳು ತಿಂಗಳಿಗೇ ಜಗಳೂರಿನ ಹತ್ತಿರದ ತವರಿಗೆ ಹೋದಳು. ನಾನು ನೋಡಲು ಹೋದಾಗ ಕೇಳಿದ್ದು ಇಷ್ಟೇ:

"ಅಷ್ಟು ಜನದ ಮುಂದೆ ಹೇಳೋವಾಗ ನನ್ನ ನೆನಪು ಬರ್ಲಿಲ್ವಾ ನಿಮಗೆ?"

ಬಂದಿರಲಿಲ್ಲ. ಹಾಗೆಂದೇ ಹೇಳಿದೆ.

ಹೆಣ್ಣು ಮಗು ಹುಟ್ಟಿತು. ನನ್ನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಮಗುವಿನದೂ ಹಾಗೇ. ತೊಟ್ಟಿಲಿಗೆ ಹಾಕುವ ದಿನ ನಮ್ಮೂರಿನಿಂದ ದೊಡ್ಡ ಅತ್ತಿಗೆ ಬಂದರು. ಅವರು ಕೂರುವ ಮೊದಲೇ ಇವಳು ಬಟ್ಟೆ ಸರಿಸಿ ಮಗುವಿನ ಕಾಲು ಮುಂದೆ ಹಿಡಿದಳು.

"ನೋಡ್ರಿ ಅಕ್ಕ. ಇದು ಅವರದ್ದೇ ಐತೆ ಅಲ್ವಾ?"

ಅತ್ತಿಗೆ ನನ್ನ ಕಡೆ ನೋಡಿದರು. ಮಗು ಚಳಿಗೆ ಅಳುತ್ತಿತ್ತು. ಮುಚ್ಚು ಎಂದೆ. ಅವಳು ಮುಚ್ಚಲಿಲ್ಲ. ಬಾಗಿಲಲ್ಲಿ ಇನ್ನೂ ಇಬ್ಬರು ಹೆಂಗಸರು ಚಪ್ಪಲಿ ಬಿಡುತ್ತಿದ್ದರು.