ಚಿಕ್ಕಮ್ಮನ ಇಳಿಜಾರು

ಟಿ.ವಿ.ಯ ಸದ್ದನ್ನು ಪೂರ್ತಿ ಅಡಗಿಸಿ ಬರೀ ಚಿತ್ರ ನೋಡುತ್ತಿದ್ದ ಕಾಲವೊಂದು ನಮ್ಮ ಮನೆಯಲ್ಲಿತ್ತು. ನಾನು ಐದನೆಯ ಕ್ಲಾಸು ಮುಗಿಸಿದ ಬೇಸಗೆ ಅದು. ಕೇರಳದ ಗಡಿಯೊಳಗಿನ ಎಣ್ಮಕಜೆಯ ಗೇರುತೋಟದ ಅಂಚಿನಲ್ಲಿದ್ದ ಅಜ್ಜಿಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮೂರೇ ಜನ. ಅಪ್ಪ ಮಂಗಳೂರಿನ ಕೆಲಸದಿಂದ ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಟಾಯಿತು. ಅಂಥ ಮನೆಯಂಗಳಕ್ಕೆ ಒಂದು ಮಧ್ಯಾಹ್ನ ಬಾಡಿಗೆ ಜೀಪೊಂದು ಬಂದು ನಿಂತಿತು. ಅಮ್ಮನ ತಂಗಿ, ನನ್ನ ರೇಷ್ಮಾ ಚಿಕ್ಕಮ್ಮ, ಎಡಗೈಯನ್ನು ಕೊರಳಿಗೆ ತೂಗಹಾಕಿಕೊಂಡು ಇಳಿದಳು. ಜೀಪಿನ ತಲೆಯ ಮೇಲೆ ಅವಳ ರೇಸ್ ಸೈಕಲನ್ನು ಹಗ್ಗದಲ್ಲಿ ಬಿಗಿದಿದ್ದರು.

ಚಿಕ್ಕಮ್ಮ ಅಂದ ಕೂಡಲೇ ದೊಡ್ಡ ಹೆಂಗಸೆಂದು ತಿಳಿಯಬೇಡಿ. ಆಗ ಅವಳಿಗೆ ಹತ್ತೊಂಬತ್ತು. ತೆಂಕು ಕೇರಳದ ಒಂದು ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು, ಸೈಕಲ್ ರೇಸಿಗೆ ಹೋಗುತ್ತಿದ್ದಳು. ಕತ್ತಲಲ್ಲಿ ಒಬ್ಬಳೇ ಕೊಟ್ಟಿಗೆಗೆ ಹೋಗುವ, ಹಾವು ಕಂಡರೆ ಬಗ್ಗಿ ನೋಡುವ ಹೆಣ್ಣು. ನಾನೋ ಹುಟ್ಟಾ ಪುಕ್ಕಲಿ. ಜಿರಲೆ ಹಾರಿದರೆ ಮಂಚ ಹತ್ತುವವಳು. ಅವಳು ಮನೆಯಲ್ಲಿದ್ದರೆ ನನಗೆ ಆನೆಬಲ. ಈ ಸಲ ಒಂದು ರೇಸಿನಲ್ಲಿ ಘಾಟಿ ಇಳಿಯುವಾಗ ಬಿದ್ದು ಭುಜದ ಎಲುಬು ಮುರಿದುಕೊಂಡಿದ್ದಳು. ಓಣಂ ರಜೆ ಮುಗಿದ ಮೇಲೆ ಬಂದು ಕೋಚಿನ ಎದುರು ಘಾಟಿ ಇಳಿದು ತೋರಿಸಬೇಕು, ಆಗದಿದ್ದರೆ ಹಾಸ್ಟೆಲಿನ ಜಾಗ ಬೇರೆ ಹುಡುಗಿಗೆ. ಅಷ್ಟು ಹೇಳಿಯೇ ಕಳಿಸಿದ್ದರಂತೆ.

ಸೈಕಲ್ ಮುಟ್ಟುವ ಹಾಗಿರಲಿಲ್ಲವಲ್ಲ, ಅವಳು ಟಿ.ವಿ. ಹಿಡಿದು ಕುಳಿತಳು. ಮೇ ತಿಂಗಳಲ್ಲಿ ಇಟಲಿಯದು, ಜುಲೈಯಲ್ಲಿ ಫ್ರಾನ್ಸಿನದು, ಓಣಂ ಹೊತ್ತಿಗೆ ಸ್ಪೇನಿನದು. ಒಂದೊಂದು ರೇಸೂ ಮೂರು ವಾರ. ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ ತುಳಿಯುತ್ತ ಹೋಗುವುದು, ಎಲ್ಲ ದಿನಗಳ ಹೊತ್ತನ್ನು ಕೂಡಿಸಿ ಯಾರದ್ದು ಕಡಿಮೆಯೋ ಅವನು ಗೆದ್ದ. ಅಲ್ಲಿಯ ಸಂಜೆ ನಮಗೆ ರಾತ್ರಿಯೂಟದ ಹೊತ್ತು. ಚಿಕ್ಕಮ್ಮ ನೆಲದ ಮೇಲೆ ಗೇರುಬೀಜಗಳನ್ನು ಸಾಲಾಗಿ ಇಟ್ಟು ನನಗೆ ಆಟ ಕಲಿಸಿದಳು. ಒಟ್ಟು ಹೊತ್ತಿನಲ್ಲಿ ಮುಂದಿರುವವನಿಗೆ ಇಟಲಿಯಲ್ಲಿ ಗುಲಾಬಿ ಅಂಗಿ, ಅವನ ಬೀಜಕ್ಕೆ ತನ್ನ ನೈಲ್ ಪಾಲಿಶ್ ಬಳಿದಳು. ಅವನ ಮುಂದಿನ ಬೀಜ ತೋರಿಸಿ, "ಇವನು ಮುಂದೆ ಹೋಗಿ ಗಾಳಿ ಒಡೆಯುವುದು. ಹಿಂದಿನವನಿಗೆ ಸುಖ. ಗೆಲ್ಲುವುದು ಹಿಂದಿನವನು, ಗೊತ್ತುಂಟಾ?" ಅನ್ನುವಳು. "ಹಾಗಾದ್ರೆ ಮುಂದಿನವನು ಪೆದ್ದನಾ?" ಎಂದು ನಾನು ಕೇಳಿದರೆ, "ನಿನ್ನ ಅಮ್ಮನ ಹಾಗೆ, ಪಾಪ" ಎಂದು ನಗುವಳು. ಒಳಗೆ ಅಮ್ಮ ಹಲಸಿನ ಹಪ್ಪಳ ಕಾಯಿಸುವ ಪರಿಮಳ ಬರುತ್ತಿತ್ತು.

ಸದ್ದು ಅಡಗಿಸಲು ಕಾರಣ ಅಜ್ಜಿ. ರೇಸನ್ನು ಮೇಲಿನಿಂದ ತೋರಿಸುವ ಹೆಲಿಕಾಪ್ಟರ್ ಒಂದಿರುತ್ತದೆ. ಮೊದಲನೆಯ ದಿನ ಟಿ.ವಿ.ಯಿಂದ ಅದರ ಪಟಪಟ ಸದ್ದು ಕೇಳಿದ್ದೇ ತಡ, ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದ ಅಜ್ಜಿ ಎದ್ದು ಅಂಗಳಕ್ಕೆ ಓಡಿದರು. "ಬಾವಿಗೆ ತೆಂಗಿನ ಮಡಲು ಮುಚ್ಚಿ! ಕೂಸನ್ನು ಒಳಗೆ ಕರಿ!" ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟದ ಮದ್ದು ಬಿಟ್ಟು ಬಾವಿನೀರೂ ವಿಷವಾಗುತ್ತಿದ್ದ ಕಾಲವನ್ನು ಅವರು ಕಂಡಿದ್ದರು. ಅದು ನಿಂತು ವರ್ಷಗಳೇ ಆಗಿದ್ದವು, ನಾನು ಹುಟ್ಟಿದ್ದೂ ಆಮೇಲೆ. ಆದರೆ ಅಜ್ಜಿಯ ಕಿವಿಗೆ ಅದು ಗೊತ್ತಿರಲಿಲ್ಲ. ಅಮ್ಮ ಅವರನ್ನು ಕರೆತಂದು ಟಿ.ವಿ. ತೋರಿಸಿ "ಇದರಲ್ಲಿ ಅಮ್ಮ, ಇದರಲ್ಲಿ" ಎಂದರೂ ಅವರು ಮತ್ತೆ ಅಂಗಳಕ್ಕೆ ಹೋಗಿ ಆಕಾಶ ನೋಡಿದರು. ಅವತ್ತಿನಿಂದ ನಮ್ಮ ರೇಸು ಮೂಕವಾಯಿತು.

ನನ್ನ ಕೆಲಸ ಶುರುವಾದದ್ದು ಹಾಗೆ. ಗುಡ್ಡ ಹತ್ತುವಾಗ ಚಿಕ್ಕಮ್ಮ ಟಿ.ವಿ.ಗೆ ಮೂಗು ತಾಗಿಸಿ ಕೂರುವಳು, ಬೈಯುವಳು, ತೊಡೆ ತಟ್ಟುವಳು. ತುದಿ ಮುಟ್ಟಿ ಇಳಿಜಾರು ಶುರುವಾಗುವಾಗ ಮಾತ್ರ ಮೆಲ್ಲನೆ ಏಳುವಳು. "ಚಾಯಕ್ಕೆ ನೀರಿಡ್ತೇನೆ." ಮೊದಲು ನನಗೆ ಗೊತ್ತಾಗಲಿಲ್ಲ. ನಾಲ್ಕನೆಯ ಸಲ ಅಡುಗೆಮನೆಗೆ ಇಣುಕಿದೆ. ಒಲೆಯಲ್ಲಿ ಏನೂ ಇರಲಿಲ್ಲ. ಅವಳು ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

ಚಿಕ್ಕಮ್ಮನಿಗೂ ಹೆದರಿಕೆ! ಹಾಗಾದರೆ ಈ ಮನೆಯಲ್ಲಿ ಹೆದರದವರು ಯಾರು?

ನನ್ನನ್ನು ಕಂಡು ಅವಳು ಸಿಟ್ಟಾಗಲಿಲ್ಲ. "ಬಿದ್ದ ಮೇಲೆ ಹೀಗೆ. ಇಳಿಯುವುದು ನೋಡಿದ್ರೆ ಕೈ ಬೆವರ್ತದೆ. ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದಳು. ನನ್ನನ್ನು ಟಿ.ವಿ. ಕಡೆಗೆ ನೂಕಿ, "ನೀನು ನೋಡು. ನೋಡಿ ನನಗೆ ಹೇಳು" ಎಂದಳು.

ಯಾರಿಗೆ ಯಾವ ಕೆಲಸ ನೋಡಿ! ಆದರೆ ಅವಳು ಕೇಳಿದ್ದಳು, ನಾನು ಮಾಡಿದೆ. ಸದ್ದಿಲ್ಲದ ಪರದೆಯ ಮುಂದೆ ಕುಳಿತು, ಮೊಣಕಾಲು ಅಪ್ಪಿಕೊಂಡು, ರೆಪ್ಪೆ ಬಡಿಯದೆ ಹೇಳುತ್ತಿದ್ದೆ. "ಎಡಕ್ಕೆ ತಿರುವು. ತಿರುಗಿದ್ರು. ಬಲಕ್ಕೆ. ಗೋಡೆ ಉಂಟು. ದಾಟಿದ್ರು." ಒಳಗಿಂದ ಪ್ರಶ್ನೆ ಬರುವುದು: "ರೋಡು ಒದ್ದೆಯಾ?" "ಒಣಗಿ ಉಂಟು." "ನೀಲಿಯವನು ಬ್ರೇಕ್ ಹಿಡಿದನಾ?" "ಇಲ್ಲ." "ಸಾಯ್ಲಿ, ಹಿಡಿಯಬೇಕಿತ್ತು ಅವನು!" ಕೊನೆಗೆ ರಸ್ತೆ ಸಪಾಟಾದಾಗ ನಾನು "ಬಾ" ಎನ್ನುತ್ತಿದ್ದೆ. ನಾನು "ಬಾ" ಎನ್ನುವವರೆಗೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ.

ಜುಲೈಯಲ್ಲಿ ನಮ್ಮಲ್ಲಿ ಜಡಿಮಳೆ. ಫ್ರಾನ್ಸಿನ ಗುಡ್ಡದಲ್ಲೂ ಅವತ್ತು ಮಳೆ. ಅಷ್ಟು ಹೊತ್ತಿಗೆ ಚಿಕ್ಕಮ್ಮನ ಕೈಯ ಕಟ್ಟು ಬಿಚ್ಚಿ ಆಗಿತ್ತು, ಸೈಕಲ್ ಮಾತ್ರ ಕೊಟ್ಟಿಗೆಯಲ್ಲಿ ಗೋಣಿಯ ಕೆಳಗೇ ಇತ್ತು. ಇಳಿಜಾರು ಬಂತು, ಅವಳು ಒಳಗೆ ಹೋದಳು. ನಾನು ಹೇಳುತ್ತ ಹೋದೆ. ಒಂದು ತಿರುವಿನಲ್ಲಿ ಹಸಿರು ಅಂಗಿಯ ಒಬ್ಬನ ಚಕ್ರ ಜಾರಿತು. ಅವನು ಒದ್ದೆ ರಸ್ತೆಯ ಮೇಲೆ ಉದ್ದಕ್ಕೆ ಸರಿದುಹೋಗಿ ಅಂಚಿನ ಕಲ್ಲಿಗೆ ಬಡಿದು ಮಲಗಿಬಿಟ್ಟ.

"ಒಬ್ಬ ಬಿದ್ದ" ಎಂದೆ.

"ಎದ್ದನಾ?"

ಅವನು ಅಲುಗಲಿಲ್ಲ. ಒಂದು ಕಾಲು ಸೈಕಲಿನೊಳಗೆ ಸಿಕ್ಕಿಕೊಂಡಿತ್ತು. ಯಾರೋ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು.

"ಎದ್ದನಾ ಅಂತ ಕೇಳಿದ್ದು!" ಕತ್ತಲಲ್ಲಿ ಅವಳ ಸ್ವರ ಚೀರಿದ ಹಾಗೆ ಬಂತು.

"ಗೊತ್ತಾಗ್ಲಿಲ್ಲ ಚಿಕ್ಕಮ್ಮ. ಕರೆಂಟು ಹೋಯ್ತು."

ಎಲ್ಲೋ ಮರ ಬಿದ್ದು ಕಂಬಗಳು ಉರುಳಿದ್ದವು. ಮರುದಿನವೂ ಕರೆಂಟಿಲ್ಲ, ಅದರ ಮರುದಿನವೂ ಇಲ್ಲ. ಪೇಪರಿನಲ್ಲಿ ಕ್ರಿಕೆಟ್ಟು, ಫುಟ್‌ಬಾಲು. ಸೈಕಲಿನವನು ಬದುಕಿದನೋ ಸತ್ತನೋ ಯಾರಿಗೆ ಬೇಕು? ಚಿಕ್ಕಮ್ಮ ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ಅಮ್ಮ ಅವಳ ಇಷ್ಟದ ಪತ್ರೊಡೆ ಮಾಡಿದರೂ ಬೇಡ. ರಾತ್ರಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಅವಳು ನಿದ್ದೆಯಲ್ಲಿ ಬೆರಳು ಮಡಚಿ ಮಡಚಿ ಬ್ರೇಕ್ ಹಿಡಿಯುವುದು ನನಗೆ ಗೊತ್ತಾಗುತ್ತಿತ್ತು. ನಾನು ಎಲ್ಲ ದೇವರಿಗೂ ಕೈಮುಗಿದೆ. ಆ ಹಸಿರು ಅಂಗಿಯವನು ಯಾವ ಜಾತಿಯವನೋ ತಿಳಿಯದೆ ನಮ್ಮ ಮನೆಯ ದೈವಕ್ಕೂ ಹೇಳಿದೆ, ಬಸ್ಸಿನಿಂದ ಕಂಡ ಇಗರ್ಜಿಯ ಶಿಲುಬೆಗೂ ಹೇಳಿದೆ.

ಮೂರನೆಯ ಸಂಜೆ ದೀಪ ಹತ್ತಿತು. ಟಿ.ವಿ. ಹಾಕಿದರೆ ಅವನು! ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ತುಳಿಯುತ್ತಿದ್ದ. ನಾನು ಕುಣಿದೆ. ಚಿಕ್ಕಮ್ಮ ಕುಣಿಯಲಿಲ್ಲ. ಬಹಳ ಹೊತ್ತು ನೋಡಿ, "ಇವನಿಗೆ ಹೆದರಿಕೆ ಇಲ್ವಾ? ನನಗೆ ಮಾತ್ರವಾ?" ಎಂದು ರಿಮೋಟನ್ನು ಮಂಚದ ಮೇಲೆ ಎಸೆದು ಹೊರಗೆ ಹೋದಳು. ಮರುದಿನ ಗೋಣಿ ಸರಿಸಿ ಸೈಕಲಿಗೆ ಎಣ್ಣೆ ಹಾಕುತ್ತಿದ್ದಳು. ಅವಳು ಇಳಿಜಾರಿಗೆ ಹೋದರೆ ಬೀಳುತ್ತಾಳೆ, ಬೀಳದಿದ್ದರೆ ನನ್ನನ್ನು ಬಿಟ್ಟು ಹೋಗುತ್ತಾಳೆ. ಎರಡೂ ನನಗೆ ಬೇಡವಾಗಿತ್ತು.

ಓಣಂ ರಜೆಯಲ್ಲಿ ಕೋಚಿನ ಫೋನ್ ಬಂತು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ನನ್ನನ್ನು ಕರೆದಳು. "ಬಾ, ಗೇರುತೋಟದ ಇಳಿಜಾರಿಗೆ ಹೋಗುವಾ. ಅಕ್ಕನಿಗೆ ಹೇಳ್ಬೇಡ."

ಆ ರಸ್ತೆ ಗುಡ್ಡದ ತಲೆಯ ಬಯಲಾದ ಪದವಿನ ಮೇಲಿಂದ ತೋಟದ ನಡುವೆ ನೇರ ಇಳಿದು, ಕಡಿದ ಕೆಂಪು ಮುರಕಲ್ಲಿನ ಗೋಡೆಯ ಬಳಿ ಥಟ್ಟನೆ ತಿರುಗುತ್ತದೆ. ತಿರುವಿನಾಚೆ ಏನಿದೆಯೆಂದು ಮೇಲಿನವರಿಗೆ ಕಾಣುವುದಿಲ್ಲ. ತಿರುವಿನಲ್ಲಿ ನಿಂತವರಿಗೆ ಎರಡೂ ಕಡೆ ಕಾಣುತ್ತದೆ. ಅಲ್ಲಿ ನನ್ನನ್ನು ನಿಲ್ಲಿಸಿ ಕೈಗೆ ಮೈ ಒರಸುವ ಕೆಂಪು ಬೈರಾಸು ಕೊಟ್ಟಳು. "ಕೆಳಗಿನ ರೋಡು ಖಾಲಿ ಉಂಟು ಅಂತ ಕಂಡ್ರೆ ಇದನ್ನು ಬೀಸು. ನೀನು ಬೀಸಿದ್ರೆ ಮಾತ್ರ ನಾನು ಬರ್ತೇನೆ."

"ನೀನು ಬಿದ್ರೆ?"

"ನೀನು ಉಂಟಲ್ಲ" ಎಂದು ಸೈಕಲ್ ನೂಕಿಕೊಂಡು ಮೇಲೆ ಹೋದಳು.

ಗೇರುಮರಗಳ ನಡುವೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಕೆಳಗೆ ನೋಡಿದೆ, ಖಾಲಿ. ಮತ್ತೆ ನೋಡಿದೆ, ಖಾಲಿ. ಬೈರಾಸು ಬೀಸಿದೆ. ಮೇಲೆ ಚುಕ್ಕೆಯಂತಿದ್ದವಳು ಅಲುಗಿದಳು.

ಆಗಲೇ ಬೆನ್ನ ಹಿಂದೆ ಗುರ್ರೆಂದಿತು. ತಿರುವಿಗೆ ತಾಗಿಯೇ, ಮೇಲಿನವರಿಗೆ ಕಾಣದ ಬದಿಯಲ್ಲಿ, ಕಲ್ಲು ಕಡಿಯುವ ಕೋರೆಗೆ ಹೋಗುವ ಮಣ್ಣಿನ ದಾರಿಯಿತ್ತು. ಅಲ್ಲಿಂದ ಕೆಂಪುಕಲ್ಲು ತುಂಬಿದ ಲಾರಿಯೊಂದು ಮೂತಿ ಹೊರಗೆ ಹಾಕುತ್ತಿತ್ತು. ನಾನು ಚಿಕ್ಕಮ್ಮನ ಕಡೆ ತಿರುಗಿ "ನಿಲ್ಲು, ನಿಲ್ಲು" ಎಂದು ಬೊಬ್ಬೆ ಹೊಡೆದೆ, ಇದ್ದ ಬಲವನ್ನೆಲ್ಲ ಹಾಕಿ ಬೈರಾಸು ಬೀಸಿದೆ. ಅಯ್ಯೋ, ಬೀಸಿದರೆ ಬಾ ಎಂದಲ್ಲವೇ! ನಿಲ್ಲು ಎನ್ನುವುದಕ್ಕೆ ನಾವು ಸನ್ನೆಯನ್ನೇ ಮಾಡಿಕೊಂಡಿರಲಿಲ್ಲ. ಅವಳು ಇನ್ನೂ ಬಗ್ಗಿ ಇನ್ನೂ ಜೋರಾಗಿ ತುಳಿದಳು. ಗಾಳಿ ನನ್ನ ಸ್ವರವನ್ನು ತಿಂದಿತು. ಲಾರಿಯ ಮೂತಿ ಅರ್ಧ ರಸ್ತೆಗೆ ಬಂದಿತ್ತು. ಡ್ರೈವರ್ ಬ್ರೇಕ್ ತುಳಿದ, ಕೆಂಪು ಧೂಳೆದ್ದಿತು, ಆ ಧೂಳಿನೊಳಗೆ ಚಿಕ್ಕಮ್ಮ ಲಾರಿಗೂ ಚರಂಡಿಗೂ ನಡುವೆ ನುಗ್ಗಿ ಕಾಣದಾದಳು.

ಸದ್ದು ಕೇಳಬಾರದು ಎಂದು ಕಿವಿ ಮುಚ್ಚಿಕೊಂಡೆ. ಲಾರಿ ಪದವಿನ ಕಡೆಗೆ ತಿರುಗಿ ಹೋಯಿತು, ನಾನು ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದೆ. ಮೋರಿಯ ಕಟ್ಟೆಯ ಮೇಲೆ ಅವಳು ಕುಳಿತಿದ್ದಳು, ಎದೆ ಏರಿಳಿಯುತ್ತಿತ್ತು, ನಗುತ್ತಿದ್ದಳು. "ನೋಡಿದ್ಯಾ? ಬ್ರೇಕೇ ಮುಟ್ಟಲಿಲ್ಲ!"

ಬೈರಾಸಿನಲ್ಲಿ ಮುಖ ಮುಚ್ಚಿ ಅತ್ತೆ.

"ಎಂತಕ್ಕೆ ಅಳುವುದು ಮಾರಾಯ್ತಿ? ನಾನು ಬಿದ್ದೆನಾ?"

ಇವಳು ಲಾರಿಯನ್ನೂ ಲೆಕ್ಕಕ್ಕಿಡಲಿಲ್ಲವಲ್ಲ, ಎಂಥ ಎದೆ ಇವಳದ್ದು ಅಂದುಕೊಂಡೆ. ಆ ರಾತ್ರಿ ಸ್ಪೇನಿನ ಇಳಿಜಾರು ಬಂದಾಗ ಅವಳು ಏಳಲಿಲ್ಲ. ನಾನು ಅಭ್ಯಾಸಬಲದಿಂದ "ಎಡಕ್ಕೆ ತಿರುವು" ಎಂದೆ. "ಕಾಣ್ತದೆ ನನಗೆ" ಎಂದಳು. ನನ್ನ ಕೆಲಸ ಹೋಯಿತು. ರಜೆ ಮುಗಿದ ಮೇಲೆ ಅವಳೂ ಹೋದಳು; ಕೋಚಿನೆದುರು ಇಳಿದು ತೋರಿಸಿದಳು, ಆಮೇಲೆ ಎಷ್ಟೋ ರೇಸು ಓಡಿದಳು. ಈಗ ಸ್ಪೋರ್ಟ್ಸ್ ಕೋಟಾದ ಕೆಲಸದಲ್ಲಿ ಪಾಲಕ್ಕಾಡಿನಲ್ಲಿದ್ದಾಳೆ. ಅಜ್ಜಿ ಇಲ್ಲ. ಟಿ.ವಿ.ಗೆ ಬೇಕಾದಷ್ಟು ಸದ್ದು ಕೊಡಬಹುದು.

ಕಳೆದ ಜುಲೈಯಲ್ಲಿ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ರೇಸು ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದೆವು. ಇಳಿಜಾರು ಬಂತು. ಇಷ್ಟು ವರ್ಷ ಒಳಗೇ ಇದ್ದದ್ದು ಬಾಯಿಗೆ ಬಂದುಬಿಟ್ಟಿತು. "ಆ ಲಾರಿ ನನಗೆ ಈಗಲೂ ಕನಸಲ್ಲಿ ಬರ್ತದೆ ಚಿಕ್ಕಮ್ಮ."

"ಯಾವ ಲಾರಿ?"

ಹೇಳಿದೆ. ಕೋರೆ, ಕೆಂಪುಕಲ್ಲು, ಧೂಳು, ಎಲ್ಲ. ಆ ಕಡೆ ಅವಳು ಟಿ.ವಿ.ಯ ಸದ್ದು ಅಡಗಿಸಿದಳು.

"ನಾನು ಲಾರಿ ನೋಡಿಯೇ ಇಲ್ಲ ಮಾರಾಯ್ತಿ" ಎಂದಳು. "ತಿರುವು ಹತ್ತಿರ ಬರುವಾಗ ಹೆದರಿಕೆ ತಡೀಲಿಕ್ಕೆ ಆಗ್ಲಿಲ್ಲ. ಕಣ್ಣು ಮುಚ್ಚಿದೆ. ಮುಚ್ಚಿಯೇ ತಿರುಗಿಸಿದೆ. ಕಿವಿ ತುಂಬ ಗಾಳಿ. ಬಿಡುವಾಗ ಮೋರಿ ಕಂಡಿತು."

"ಕಣ್ಣು ಮುಚ್ಚಿ ಬಂದದ್ದಾ ನೀನು?"

"ಮತ್ತೆ? ನೀನು ಬೈರಾಸು ಬೀಸಿದ್ದಿಯಲ್ಲ. ಇನ್ನು ನಾನು ಎಂತ ನೋಡ್ಲಿಕ್ಕೆ ಉಂಟು?"

ಈಗ ನಾನು ಟೀಚರ್. ನನ್ನ ಮಾತು ಕೇಳುವ ಮಕ್ಕಳಿದ್ದಾರೆ, ಹೌದೋ ಅಲ್ಲವೋ ಎಂದು ಪುಸ್ತಕ ತೆರೆದು ನೋಡುತ್ತಾರೆ, ನೋಡಬೇಕಾದದ್ದೇ. ಗಂಡ ನಾನು ಹೇಳಿದ ದಾರಿಯನ್ನು ಮೊಬೈಲಿನಲ್ಲಿ ಇನ್ನೊಮ್ಮೆ ನೋಡಿಯೇ ಕಾರು ತಿರುಗಿಸುತ್ತಾರೆ. ಜೀವವನ್ನೇ ನನ್ನ ಮಾತಿನ ಮೇಲಿಟ್ಟವರು ಒಬ್ಬರಿದ್ದರು, ಆ ಒಂದು ಬೆಳಿಗ್ಗೆ. ನನಗೆ ಆಗ ಹತ್ತು ವರ್ಷ, ಮತ್ತು ಅದು ನನಗೆ ಗೊತ್ತೇ ಇರಲಿಲ್ಲ.